ಕರ್ಮವೀರ ಭಾವುರಾವ ಪಾಟೀಲರು ಮತ್ತು ಒಂದೇ ಪಂಕ್ತಿಯ ಊಟ

ಬಿ.ಎಡ್. ಮೊದಲ ವರ್ಷದ ತಾತ್ವಿಕ ತಳಹದಿಯ ಪತ್ರಿಕೆಯಲ್ಲಿ ನಾವು ಗಾಂಧೀಜಿಯವರನ್ನು ಓದುತ್ತೇವೆ, ಟಾಗೋರರನ್ನು ಓದುತ್ತೇವೆ, ಫುಲೆ ದಂಪತಿಗಳನ್ನು ಓದುತ್ತೇವೆ. ಬೆಳಗಾವಿಯಿಂದ ಹೊರಟರೆ ಅರ್ಧ ದಿನದಲ್ಲಿ ತಲುಪಬಹುದಾದ ಸಾತಾರೆಯಲ್ಲಿ ಐವತ್ತು ವರ್ಷ ದುಡಿದು, ಬಡ ರೈತರ ಮತ್ತು ದಲಿತರ ಮಕ್ಕಳಿಗೆ ಮೊದಲು ಊಟ ಹಾಕಿ ಆಮೇಲೆ ಪಾಠ ಹೇಳಿದ ಭಾವುರಾವ ಪಾಟೀಲರ ಹೆಸರು ಮಾತ್ರ ನಮ್ಮ ಟಿಪ್ಪಣಿಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಬರುವುದಿಲ್ಲ. ಮಹಾರಾಷ್ಟ್ರದಲ್ಲಿ ಅವರನ್ನು ಅರಿಯದ ಶಿಕ್ಷಕರಿಲ್ಲ. ಗಡಿಯ ಈಚೆಗೆ ಅವರು ಅಪರಿಚಿತರಾಗಿ ಉಳಿದಿರುವುದು ಸೋಜಿಗವೇ, ಏಕೆಂದರೆ ಅವರ ಮನೆತನದ ಮೂಲ ನಮ್ಮ ಮೂಡುಬಿದಿರೆ ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಜೈನ ಕುಟುಂಬವೊಂದು ಕರಾವಳಿಯಿಂದ ಘಟ್ಟ ಹತ್ತಿ, ಕೃಷ್ಣಾ ವಾರಣಾ ನದಿಗಳ ಬಯಲಿನಲ್ಲಿ ನೆಲೆ ನಿಂತು, ಪಾಟೀಲಕಿ ಪಡೆದು ಮರಾಠಿಯಾಯಿತು.

ಭಾವುರಾವರು ಹುಟ್ಟಿದ್ದು 1887ರ ಸೆಪ್ಟೆಂಬರ್ 22ರಂದು, ಕೊಲ್ಹಾಪುರದ ಬಳಿಯ ಕುಂಭೋಜದಲ್ಲಿ. ಅದು ತಾಯಿಯ ತವರು. ಸ್ವಂತ ಊರು ಐತವಡೆ ಬುದ್ರುಕ. ತಂದೆ ಪಾಯಗೊಂಡ ಪಾಟೀಲರು ಕಂದಾಯ ಇಲಾಖೆಯಲ್ಲಿ ಕಾರಕೂನರು. ವರ್ಗವಾದಲ್ಲೆಲ್ಲ ಸಂಸಾರ ಹೋಗುತ್ತಿತ್ತು, ಹುಡುಗನ ಶಾಲೆಯೂ ಬದಲಾಗುತ್ತಿತ್ತು. ಓದಿನಲ್ಲಿ ಹುಡುಗ ಅಷ್ಟಕ್ಕಷ್ಟೆ. ಮೈಕಟ್ಟು ಮಾತ್ರ ಗಟ್ಟಿ, ಕುಸ್ತಿಯ ಹುಚ್ಚು, ಹಟದ ಸ್ವಭಾವ. ಬಾಯಾರಿ ಬಾವಿಯ ಹತ್ತಿರ ನಿಂತ ಅಸ್ಪೃಶ್ಯ ಹೆಂಗಸರಿಗೆ ನೀರು ಸೇದಲು ಬಿಡಲಿಲ್ಲವೆಂದು ಸಿಟ್ಟಾಗಿ, ಆ ಬಾವಿಯ ರಾಟೆಯನ್ನೇ ಮುರಿದು ಒಳಗೆ ಎಸೆದ ಕಥೆಯನ್ನು ಸಾತಾರೆಯ ಕಡೆ ಇಂದಿಗೂ ಹೇಳುತ್ತಾರೆ. ಮಹಾಪುರುಷರ ಬಾಲ್ಯಕ್ಕೆ ಇಂಥ ಕಥೆಗಳು ಆಮೇಲೆ ಸೇರಿಕೊಳ್ಳುವುದುಂಟು. ಆದರೆ ಮುಂದೆ ಕೊಲ್ಹಾಪುರದಲ್ಲಿ ನಡೆದುದನ್ನು ನೋಡಿದರೆ ಇದನ್ನು ನಂಬಲು ಕಷ್ಟವಾಗುವುದಿಲ್ಲ.

ಆಗಿನ ಕೊಲ್ಹಾಪುರ ಶಾಹೂ ಮಹಾರಾಜರ ಕೊಲ್ಹಾಪುರ. 1902ರಲ್ಲಿಯೇ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇಕಡಾ 50ರಷ್ಟು ಮೀಸಲಿಟ್ಟ ಅರಸರವರು. ಹಳ್ಳಿಯ ಮಕ್ಕಳು ಪಟ್ಟಣಕ್ಕೆ ಬಂದು ಓದಲು ಅಡ್ಡಿಯಾಗಿದ್ದುದು ಶಾಲೆಯ ಫೀಜಿಗಿಂತ ಹೆಚ್ಚಾಗಿ ಊಟ ಮತ್ತು ವಸತಿ ಎಂಬುದನ್ನು ಅವರು ಬೇಗ ಗುರುತಿಸಿದ್ದರು. ಹಾಗಾಗಿ ಜಾತಿಗೊಂದರಂತೆ ವಸತಿಗೃಹಗಳನ್ನು ತೆರೆಯಲು ನೆರವಾದರು: ಮರಾಠರಿಗೆ ಒಂದು, ಜೈನರಿಗೆ ಒಂದು, ಮುಸ್ಲಿಮರಿಗೆ, ಲಿಂಗಾಯತರಿಗೆ, 1908ರಲ್ಲಿ ಅಸ್ಪೃಶ್ಯರಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹ. ಬೇರೆ ಬೇರೆ ಅಡುಗೆಮನೆ, ಬೇರೆ ಬೇರೆ ಪಂಕ್ತಿ. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ. ಒಂದೇ ಪಂಕ್ತಿ ಮಾಡಲು ಹೊರಟಿದ್ದರೆ ಯಾವ ತಂದೆಯೂ ಮಗನನ್ನು ಕಳಿಸುತ್ತಿರಲಿಲ್ಲ.

ರಾಜಾರಾಮ ಹೈಸ್ಕೂಲಿನ ವಿದ್ಯಾರ್ಥಿಯಾಗಿದ್ದ ಭಾವುರಾವರು ಜೈನ ವಸತಿಗೃಹದಲ್ಲಿದ್ದರು. ಮಿಸ್ ಕ್ಲಾರ್ಕ್ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದ ಅವರಿಗೆ, ಸ್ನಾನ ಮಾಡಿ ಬಟ್ಟೆ ಬದಲಿಸಿದ ಮೇಲೆಯೇ ಊಟದ ಮನೆಗೆ ಬರಬೇಕೆಂದು ಆಡಳಿತದವರು ಹೇಳಿದರು. ಹುಡುಗ ಒಪ್ಪಲಿಲ್ಲ. ಸ್ನಾನ ದೊಡ್ಡ ಕೆಲಸವೇನಲ್ಲ, ಆದರೆ ಮಾಡಿದರೆ ತಾನು ಹೋಗಿ ಬಂದ ಜಾಗ ಮೈಲಿಗೆಯದೆಂದು ಒಪ್ಪಿದಂತಾಗುತ್ತಿತ್ತು. ವಸತಿಗೃಹದಿಂದ ಹೊರಬಿದ್ದರು. ಶಾಹೂ ಮಹಾರಾಜರು ಅವರಿಗೆ ಅರಮನೆಯ ಆಶ್ರಯದಲ್ಲಿ ಇರಲು ಅವಕಾಶ ಕೊಟ್ಟರು. ಊಟದ ಪಂಕ್ತಿಯಿಂದ ಹೊರಗೆ ಹಾಕಿಸಿಕೊಂಡ ಈ ಹುಡುಗನೇ ಮುಂದೆ ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ. ಅವರ ಬದುಕಿನ ಉಳಿದ ಘಟನೆಗಳಿಗಿಂತ ಇದೊಂದನ್ನು ಹೆಚ್ಚು ಮುಖ್ಯವೆಂದು ನಾನು ಎಣಿಸುತ್ತೇನೆ. ಅದೇ ಸುಮಾರಿಗೆ ಹಳ್ಳಿಯ ಶಾಲೆಯೊಂದರ ಹೊರಗೆ ಕುಳಿತು ಪಾಠ ಕೇಳುತ್ತಿದ್ದ ಜ್ಞಾನದೇವ ಘೋಲಪ ಎಂಬ ದಲಿತ ಬಾಲಕನನ್ನು ಕರೆದುಕೊಂಡು ಬಂದು ಮಿಸ್ ಕ್ಲಾರ್ಕ್ ವಸತಿಗೃಹಕ್ಕೆ ಸೇರಿಸಿದರು. ಆ ಬಾಲಕ ಮುಂದೆ ಮುಂಬಯಿ ಶಾಸನ ಪರಿಷತ್ತಿನ ಸದಸ್ಯರಾದರು.

ಭಾವುರಾವರು ಮೆಟ್ರಿಕ್ ಮುಗಿಸಲಿಲ್ಲ. ಇಂಗ್ಲಿಷ್ ಮತ್ತು ಗಣಿತ ಕೈಕೊಟ್ಟವು. ಕುಂಭೋಜದ ಆದಕ್ಕ ಎಂಬ ಕನ್ಯೆಯೊಂದಿಗೆ ಮದುವೆಯಾಯಿತು. ಮದುವೆಯ ನಂತರ ಆಕೆಯ ಹೆಸರು ಲಕ್ಷ್ಮೀಬಾಯಿ. ಸ್ಥಿತಿವಂತರ ಮನೆಯ ಮಗಳು, ಮೈತುಂಬ ಬಂಗಾರ ಹಾಕಿಕೊಂಡು ಬಂದವರು. ಗಂಡ ಸಾತಾರೆಗೆ ಹೋಗಿ ಮನೆಪಾಠ ಹೇಳತೊಡಗಿದರು. ಊರಿನವರಿಗೆ ಅವರು ಪಾಟೀಲ ಮಾಸ್ತರರಾದರು. ಪದವಿಯಿಲ್ಲದ, ತರಬೇತಿಯಿಲ್ಲದ ಮಾಸ್ತರರು. 1910ರ ಹೊತ್ತಿಗೆ ಗೆಳೆಯರ ಜೊತೆ ಸೇರಿ ದುಧಗಾವ್ ಎಂಬ ಹಳ್ಳಿಯಲ್ಲಿ ಬಡ ಮಕ್ಕಳಿಗಾಗಿ ವಿದ್ಯಾರ್ಥಿ ಆಶ್ರಮವೊಂದನ್ನು ಆರಂಭಿಸಿದರು.

1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜಮನೆತನದ ಪ್ರತಿಮೆಗಳಿಗೆ ಯಾರೋ ಡಾಂಬರು ಬಳಿದರು. ಈ ಪ್ರಕರಣದಲ್ಲಿ ಅಣ್ಣಾಸಾಹೇಬ ಲಠ್ಠೆಯವರನ್ನು ಸಿಲುಕಿಸಲು ಸುಳ್ಳು ಸಾಕ್ಷಿ ಹೇಳಬೇಕೆಂದು ಭಾವುರಾವರ ಮೇಲೆ ಒತ್ತಡ ಬಂತು. ಲಠ್ಠೆಯವರು ಜೈನ ಸಮಾಜದ ಮುಖಂಡರು, ಭಾವುರಾವರು ಹೊರಬಿದ್ದ ಆ ವಸತಿಗೃಹಕ್ಕೆ ಸಂಬಂಧಪಟ್ಟವರು. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಬೇಕಿರಲಿಲ್ಲ. ಭಾವುರಾವರು ಸುಳ್ಳು ಹೇಳಲಿಲ್ಲ. ಅದಕ್ಕಾಗಿ ಸೆರೆಮನೆಯಲ್ಲಿ ಹಿಂಸೆ ಅನುಭವಿಸಿದರು.

ಅಲ್ಲಿಂದ ಹೊರಬಂದ ಮೇಲೆ ಕೆಲವು ವರ್ಷ ಕಿರ್ಲೋಸ್ಕರ ಕಂಪನಿಯ ಕಬ್ಬಿಣದ ನೇಗಿಲು ಮಾರುವ ಕೆಲಸ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಕುಂಡಲದ ಬಳಿಯ ಮಾಳಕ್ಕೆ ಹೋಗಿ ಕಾರಖಾನೆ ಕಟ್ಟಿದ್ದರು. ಮರದ ನೇಗಿಲಿಗೆ ಒಗ್ಗಿದ್ದ ರೈತನಿಗೆ ಕಬ್ಬಿಣದ ನೇಗಿಲನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಕಬ್ಬಿಣ ತಗುಲಿದರೆ ಭೂಮಿ ಕೆಡುತ್ತದೆ ಎಂಬ ನಂಬಿಕೆ ಬೇರೆ. ಭಾವುರಾವರು ಹಳ್ಳಿ ಹಳ್ಳಿ ತಿರುಗಿದರು, ಹೊಲದಲ್ಲಿ ಉತ್ತು ತೋರಿಸಿದರು, ರೈತರ ಪಡಸಾಲೆಗಳಲ್ಲಿ ಮಲಗಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದೇ ಅವರ ಪ್ರಾತ್ಯಕ್ಷಿಕೆ ವಿಧಾನದ ತರಬೇತಿ. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ರೈತರನ್ನು ಅವರು ಕಂಡದ್ದು ಈ ತಿರುಗಾಟದಲ್ಲಿ. ಫುಲೆಯವರ ಸತ್ಯಶೋಧಕ ಸಮಾಜದ ಸಂಪರ್ಕ ಬಲವಾದದ್ದೂ ಈ ವರ್ಷಗಳಲ್ಲಿಯೇ. ನಂತರ ಸಾತಾರೆಯ ಕೂಪರ್ ಕಾರಖಾನೆಯಲ್ಲಿ ಕೆಲವು ಕಾಲ ದುಡಿದರು, ಮಾಲಿಕರೊಂದಿಗೆ ಮನಸ್ತಾಪವಾಗಿ ಬಿಟ್ಟರು.

1919ರ ಅಕ್ಟೋಬರ್ 4ರಂದು ಕರಾಡದ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟಿತು. ರಯತ ಎಂದರೆ ರೈತ, ಪ್ರಜೆ. ಬೆಳಗಾವಿಯಲ್ಲಿ ಇದಕ್ಕೆ ಮೂರು ವರ್ಷ ಮೊದಲು, 1916ರಲ್ಲಿ, ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ್ದರು. ಸರಕಾರದ ದಾರಿ ಕಾಯದೆ ಜನರೇ ಶಾಲೆ ತೆರೆಯುವ ಗಾಳಿ ಆಗ ಈ ಭಾಗದಲ್ಲೆಲ್ಲ ಬೀಸುತ್ತಿತ್ತು. ಭಾವುರಾವರ ಸಂಸ್ಥೆ ಆರಂಭವಾದದ್ದು ದೊಡ್ಡ ಕಟ್ಟಡದಿಂದಲ್ಲ, ಮಕ್ಕಳ ಒಂದು ಸಣ್ಣ ವಸತಿಗೃಹದಿಂದ. 1924ರಲ್ಲಿ ಸಾತಾರೆಯಲ್ಲಿ ವಸತಿಗೃಹ ನೆಲೆಯಾಯಿತು. ಅದರ ಸ್ಥಳ ಧನಿಣಿಯ ಬಾಗ್ ಎಂಬ ತೋಟ.

ಈ ವಸತಿಗೃಹದ ಒಳಗೆ ಏನು ನಡೆಯುತ್ತಿತ್ತು ಎಂಬುದನ್ನು ನಾವು ಸ್ವಲ್ಪ ನಿಧಾನವಾಗಿ ನೋಡಬೇಕು. ಮರಾಠಾ, ಮಾಳಿ, ಧನಗರ, ಜೈನ, ಮುಸ್ಲಿಮ್, ಮಹಾರ, ಮಾಂಗ, ಬ್ರಾಹ್ಮಣ, ಹೀಗೆ ಎಲ್ಲ ಮನೆಯ ಹುಡುಗರೂ ಅಲ್ಲಿದ್ದರು. ಸಂಬಳದ ಅಡುಗೆಯವರಿರಲಿಲ್ಲ. ಹುಡುಗರೇ ಸರದಿಯ ಪ್ರಕಾರ ನೀರು ತಂದು, ಹಿಟ್ಟು ಬೀಸಿ, ರೊಟ್ಟಿ ಬಡಿದು, ಸಾರು ಕುದಿಸುತ್ತಿದ್ದರು. ಸರದಿ ಎಂಬ ಈ ಸಣ್ಣ ವ್ಯವಸ್ಥೆಯ ಒಳಗೆ ಎಷ್ಟು ದೊಡ್ಡ ವಿಷಯ ಅಡಗಿತ್ತು ಎಂಬುದನ್ನು ಗಮನಿಸಬೇಕು. ಒಟ್ಟಿಗೆ ಕುಳಿತು ಉಣ್ಣುವುದು ಒಂದು ಹಂತ. ಮಹಾರ ಹುಡುಗ ಬೇಯಿಸಿದ ರೊಟ್ಟಿಯನ್ನು ಪಾಟೀಲರ ಹುಡುಗ ತಿನ್ನುವುದು ಅದಕ್ಕಿಂತ ಕಷ್ಟದ ಹಂತ. ನೂರು ಭಾಷಣಗಳಿಂದ ಆಗದ ಕೆಲಸವನ್ನು ಅಡುಗೆಯ ಸರದಿಪಟ್ಟಿ ದಿನಕ್ಕೆರಡು ಬಾರಿ ಮಾಡುತ್ತಿತ್ತು. ಕೊಲ್ಹಾಪುರದಲ್ಲಿ ಜಾತಿಗೊಂದು ವಸತಿಗೃಹ ಕಂಡು ಬಂದ ಭಾವುರಾವರು ಸಾತಾರೆಯಲ್ಲಿ ತಮ್ಮ ಗುರುಸಮಾನ ಅರಸರಿಗಿಂತ ಒಂದು ಹೆಜ್ಜೆ ಮುಂದೆ ಹೋದರು. ಆದರೂ ವಸತಿಗೃಹಕ್ಕೆ ಆ ಅರಸರ ಹೆಸರೇ ಬಂತು. 1927ರ ಫೆಬ್ರವರಿಯಲ್ಲಿ ಗಾಂಧೀಜಿ ಸಾತಾರೆಗೆ ಬಂದಾಗ ಅವರ ಕೈಯಿಂದ ಛತ್ರಪತಿ ಶಾಹೂ ಬೋರ್ಡಿಂಗ್ ಹೌಸ್ ಎಂಬ ನಾಮಕರಣವಾಯಿತು. ಎಲ್ಲ ಜಾತಿಯ ಮಕ್ಕಳು ಕೂಡಿ ಬೇಯಿಸಿ ಕೂಡಿ ಉಣ್ಣುವುದನ್ನು ಗಾಂಧೀಜಿ ಮನಸಾರೆ ಮೆಚ್ಚಿಕೊಂಡರು.

ಆದರೆ ಧಾನ್ಯ ಎಲ್ಲಿಂದ ಬರುತ್ತಿತ್ತು? ಇದಕ್ಕೆ ಭಾವುರಾವರು ಕಂಡುಕೊಂಡ ದಾರಿ ಮುಷ್ಟಿ ನಿಧಿ. ಮನೆಯಾಕೆ ದಿನವೂ ಬೀಸಲು ಕೂರುವ ಮೊದಲು ಒಂದು ಹಿಡಿ ಕಾಳು ತೆಗೆದು ಬೇರೆ ಗಡಿಗೆಯಲ್ಲಿ ಹಾಕಬೇಕು. ಸಂಸ್ಥೆಯವರು ಬಂದು ಅದನ್ನು ಒಟ್ಟು ಮಾಡಿಕೊಂಡು ಹೋಗುತ್ತಾರೆ. ನಮ್ಮ ಕಡೆಯ ಮಠಗಳ ಪ್ರಸಾದ ನಿಲಯಗಳಿಗೂ ಹಳ್ಳಿಗಳಿಂದ ಹೀಗೆಯೇ ಕಾಳುಕಡಿ ಬರುತ್ತಿದ್ದುದನ್ನು ಹಿರಿಯರು ಬಲ್ಲರು. ವಿಜ್ಞಾನದ ವಿದ್ಯಾರ್ಥಿಯಾದ್ದರಿಂದ ಈ ಹಿಡಿಯನ್ನು ತೂಕಕ್ಕೆ ಹಾಕಿ ನೋಡುವ ಆಸೆ ನನಗೆ. ಒಂದು ಹಿಡಿ ಜೋಳ ಹೆಚ್ಚೆಂದರೆ 50 ಗ್ರಾಂ. 60 ಮನೆಗಳ ಹಳ್ಳಿಯಿಂದ ದಿನಕ್ಕೆ 3 ಕಿಲೋ. ಬೆಳೆಯುವ ಹುಡುಗನಿಗೆ ಎರಡು ಹೊತ್ತಿಗೆ ಅರ್ಧ ಕಿಲೋ ಧಾನ್ಯ ಬೇಕೆಂದು ಹಿಡಿದರೆ ಆರು ಹುಡುಗರ ಊಟ. ಅಂದರೆ ಹತ್ತು ಬಡ ಮನೆಗಳು ಸೇರಿ ತಮ್ಮ ಒಲೆ ಆರದಂತೆ ಒಬ್ಬ ಹುಡುಗನನ್ನು ವರ್ಷವಿಡೀ ಸಾಕಬಹುದು. ಯಾರಿಗೂ ಭಾರವಾಗದ ಲೆಕ್ಕ. ಇದು ನನ್ನ ಅಂದಾಜು ಮಾತ್ರ, ಸಂಸ್ಥೆಯ ದಾಖಲೆಯ ಅಂಕಿ ಅಲ್ಲ. ಆದರೆ ಸಿರಿವಂತನ ಒಂದು ದೊಡ್ಡ ದಾನಕ್ಕಿಂತ ಈ ಹಿಡಿ ಕಾಳನ್ನು ಭಾವುರಾವರು ಯಾಕೆ ನೆಚ್ಚಿಕೊಂಡರು ಎಂಬುದು ಇದರಿಂದ ಸ್ವಲ್ಪ ತಿಳಿಯುತ್ತದೆ. ಕಾಳು ಕೊಟ್ಟ ಮನೆ ಶಾಲೆಯ ಮೇಲೆ ಹಕ್ಕನ್ನೂ ಇಟ್ಟುಕೊಳ್ಳುತ್ತದೆ, ನಾಳೆ ತನ್ನ ಮಗನನ್ನೂ ಕಳಿಸುತ್ತದೆ.

ಬರ ಬಿದ್ದ ವರ್ಷ ಹಿಡಿ ಕಾಳೂ ಬರುವುದಿಲ್ಲ. ಆಗ ಕೈಹಾಕಿದ್ದು ಲಕ್ಷ್ಮೀಬಾಯಿಯವರ ಪೆಟ್ಟಿಗೆಗೆ. ತವರಿನಿಂದ ತಂದ ಬಂಗಾರ ಒಂದೊಂದಾಗಿ ಅಂಗಡಿಗೆ ಹೋಗಿ ಜೋಳವಾಗಿ ಹಿಂದಿರುಗಿತು. ಕೊನೆಗೊಂದು ದಿನ ಹುಡುಗರಿಗೆ ಹಾಕಲು ಏನೂ ಉಳಿದಿರಲಿಲ್ಲ, ಭಾವುರಾವರೂ ಊರಿನಲ್ಲಿರಲಿಲ್ಲ. ಆಕೆ ಕೊರಳ ಮಂಗಳಸೂತ್ರವನ್ನೇ ಕೊಟ್ಟು ಧಾನ್ಯ ತರಿಸಿದರು. ಜೈನ ಆಚಾರದಲ್ಲಿ ಬೆಳೆದು, ಮಡಿಯ ಮನೆಯಿಂದ ಬಂದ ಹೆಣ್ಣುಮಗಳು ಅಸ್ಪೃಶ್ಯ ಮಕ್ಕಳನ್ನು ಮಡಿಲಿಗೆ ಹಾಕಿಕೊಳ್ಳುವುದು ಒಂದೇ ದಿನದಲ್ಲಿ ಆದ ಮಾತಾಗಿರಲಾರದು. ಆಕೆ ಹೇಗೆ ಆ ದಾರಿ ನಡೆದರು ಎಂಬುದನ್ನು ಚರಿತ್ರೆ ಬರೆದವರು ಹೆಚ್ಚು ವಿಚಾರಿಸಿಲ್ಲ. ಮಂಗಳಸೂತ್ರದ ಒಂದು ಪ್ರಸಂಗ ಹೇಳಿ ಮುಂದೆ ಸಾಗಿಬಿಡುತ್ತಾರೆ. ಊರೂರು ತಿರುಗುವ ಗಂಡನಿಗೆ ಕರ್ಮವೀರ ಎಂಬ ಬಿರುದು ಬಂತು. ಮನೆಯಲ್ಲಿ ನಿಂತು ಹತ್ತಾರು ಹುಡುಗರ ಜ್ವರ, ತುರಿಕಜ್ಜಿ, ಹಸಿವು ನೋಡಿಕೊಂಡವರಿಗೆ ಬಂದ ಹೆಸರು ವಹಿನಿ, ಅಂದರೆ ಅತ್ತಿಗೆ ಎಂಬುದಷ್ಟೇ. 1930ರಲ್ಲಿ ಅವರು ತೀರಿಕೊಂಡರು. ಸಂಸ್ಥೆ ಇನ್ನೂ ಒಂದು ವಸತಿಗೃಹದ ಮಟ್ಟಿಗಷ್ಟೇ ಬೆಳೆದಿದ್ದ ಕಾಲ. ಬೆಳೆದ ಮರವನ್ನು ಅವರು ನೋಡಲಿಲ್ಲ.

ಇಲ್ಲಿ ಒಂದು ಮಾತು. ಬೋಧನಾಭ್ಯಾಸಕ್ಕೆ ಹೋದವರೆಲ್ಲ ಬಲ್ಲರು, ಮಧ್ಯಾಹ್ನದ ಊಟಕ್ಕೆ ಮೊದಲಿನ ಅವಧಿ ಸಿಕ್ಕರೆ ಪಾಠಯೋಜನೆ ಎಷ್ಟೇ ಚೆನ್ನಾಗಿದ್ದರೂ ಮಕ್ಕಳ ಕಣ್ಣು ಬಾಗಿಲ ಕಡೆಗೇ ಇರುತ್ತದೆ. ಸಾಂಬಾರಿನ ಒಗ್ಗರಣೆಯ ವಾಸನೆ ಬಂತೆಂದರೆ ಪ್ರಕಾಶದ ವಕ್ರೀಭವನ ಅಲ್ಲಿಗೆ ಮುಗಿಯಿತು. ವೀಕ್ಷಣಾ ಪುಸ್ತಕದಲ್ಲಿ ನಾವು ಅದನ್ನು ಅವಧಾನದ ಕೊರತೆ ಎಂದು ಬರೆಯುತ್ತೇವೆ. ಬೆಳಿಗ್ಗೆ ಬರೀ ಚಹಾ ಕುಡಿದು ಬಂದವರೆಷ್ಟು ಎಂದು ಕೈ ಎತ್ತಿಸಿ ನೋಡಿದರೆ ಆ ಕೊರತೆ ಯಾವುದು ಎಂದು ತಿಳಿಯುತ್ತದೆ. ಇಂದು ಪ್ರಾಥಮಿಕ ಹಂತದ ಮಗುವಿಗೆ ಶಾಲೆಯಲ್ಲಿ ದಿನಕ್ಕೆ 100 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 150 ಗ್ರಾಂ ಧಾನ್ಯ ಎಂಬ ಲೆಕ್ಕವಿದೆ. ತಮಿಳುನಾಡಿನಲ್ಲಿ ಕಾಮರಾಜರ ಕಾಲದಲ್ಲಿ, 1950ರ ದಶಕದಲ್ಲಿ, ಇದು ವ್ಯಾಪಕವಾಗಿ ಆರಂಭವಾಯಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಿಸಿಯೂಟವನ್ನೇ ಕೊಡಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ನಮ್ಮಲ್ಲಿ ಅಕ್ಷರ ದಾಸೋಹ ಮೊದಲು ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಬಂದು ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಸರಕಾರ ತಡವಾಗಿ ಕೈಗೆತ್ತಿಕೊಂಡ ಈ ಕೆಲಸವನ್ನು ಒಬ್ಬ ಮೆಟ್ರಿಕ್ ಆಗದ ಮಾಸ್ತರರು ಹಿಡಿ ಕಾಳಿನಿಂದ ನಡೆಸುತ್ತಿದ್ದರು. ಬಡಿಸುವವರ ಜಾತಿ ಕೇಳಿ ತಟ್ಟೆ ಪಕ್ಕಕ್ಕಿಡುವ ಸುದ್ದಿ ಈಗಲೂ ಎಲ್ಲಿಂದಲೋ ಪತ್ರಿಕೆಗೆ ಬರುತ್ತದೆ ಎನ್ನುವುದನ್ನು ಜೊತೆಗೇ ನೆನೆಯಬೇಕು.

ಪುಣೆ ಒಪ್ಪಂದದ ನೆನಪಿಗೆ 1932ರಲ್ಲಿ ಪುಣೆಯಲ್ಲಿ ಯೂನಿಯನ್ ಬೋರ್ಡಿಂಗ್ ಹೌಸ್ ಆರಂಭವಾಯಿತು. ನಂತರ ಒಂದೊಂದೇ ಊರಿನಲ್ಲಿ ವಸತಿಗೃಹಗಳು ತೆರೆದವು. ಅವುಗಳ ಪಟ್ಟಿ ಕೊಡುವುದಕ್ಕಿಂತ, ಪ್ರಶಿಕ್ಷಣಾರ್ಥಿಗಳಾದ ನಮಗೆ ಹತ್ತಿರವಾದ ಇನ್ನೊಂದು ಕೆಲಸದ ಬಗ್ಗೆ ಹೇಳುತ್ತೇನೆ. ಮಕ್ಕಳಿಗೆ ಊಟ ವಸತಿ ಕೊಟ್ಟು ಓದಿಸಿದರೂ ಸಾವಿರಾರು ಹಳ್ಳಿಗಳಲ್ಲಿ ಶಾಲೆಯೇ ಇರಲಿಲ್ಲ. ಪಟ್ಟಣದಲ್ಲಿ ತರಬೇತಾದ ಶಿಕ್ಷಕ ಗುಡ್ಡಗಾಡಿನ ಹಳ್ಳಿಗೆ ಹೋಗಲು ಒಪ್ಪುತ್ತಿರಲಿಲ್ಲ, ಹೋದರೂ ನಿಲ್ಲುತ್ತಿರಲಿಲ್ಲ. ಹಳ್ಳಿಯ ಶಿಕ್ಷಕ ಹಳ್ಳಿಯಿಂದಲೇ ಬರಬೇಕು, ಹಳ್ಳಿಯ ಬದುಕಿನ ರೀತಿಯಲ್ಲಿಯೇ ತರಬೇತಾಗಬೇಕು ಎಂದು ಭಾವುರಾವರು ತೀರ್ಮಾನಿಸಿದರು. 1935ರಲ್ಲಿ ಸಾತಾರೆಯಲ್ಲಿ ಸಿಲ್ವರ್ ಜ್ಯೂಬಿಲಿ ರೂರಲ್ ಟ್ರೇನಿಂಗ್ ಕಾಲೇಜು ಆರಂಭವಾಯಿತು. ಐದನೆಯ ಜಾರ್ಜ್ ದೊರೆಯ ಆಳ್ವಿಕೆಗೆ 25 ವರ್ಷ ತುಂಬಿದ ವರ್ಷ ಅದು. ದೊರೆಯ ಹೆಸರಿನಲ್ಲಿ ಅನುಮತಿ ದೊರೆಯಿತು, ಕೆಲಸ ನಡೆದದ್ದು ರಯತರಿಗಾಗಿ. ಈ ಜಾಣತನ ಅವರಲ್ಲಿ ಸಾಕಷ್ಟಿತ್ತು. ಇಲ್ಲಿಯೂ ಪ್ರಶಿಕ್ಷಣಾರ್ಥಿಗಳು ತಾವೇ ಬೇಯಿಸಿ, ತಾವೇ ಗುಡಿಸಿ, ತೋಟ ಮಾಡಿ, ನಂತರ ಪಾಠ ಕಲಿತರು. 1942ರಲ್ಲಿ ಹೆಣ್ಣುಮಕ್ಕಳಿಗಾಗಿ ಜಿಜಾಮಾತಾ ತರಬೇತಿ ಶಾಲೆ ಬಂತು.

ಇಲ್ಲಿ ಕಲಿತು ಹೊರಬಿದ್ದವರೇ ಸ್ವಯಂಪ್ರೇರಿತ ಶಾಲೆಗಳ ಆಧಾರವಾದರು. ಕಾಂಗ್ರೆಸ್ ಮಂತ್ರಿಮಂಡಲದ ಕಾಲದಲ್ಲಿ, 1938ರ ಸುಮಾರಿಗೆ, ಇಂಥ ಶಾಲೆಗಳಿಗೆ ಅಲ್ಪ ಅನುದಾನ ಸಿಗತೊಡಗಿತು. ಊರಿನವರು ಗುಡಿಯ ಪೌಳಿಯನ್ನೋ ದನದ ಕೊಟ್ಟಿಗೆಯನ್ನೋ ಬಿಡಿಸಿಕೊಟ್ಟರೆ ಸಂಸ್ಥೆ ಒಬ್ಬ ಶಿಕ್ಷಕನನ್ನು ಕಳಿಸುತ್ತಿತ್ತು. ಒಬ್ಬ ಶಿಕ್ಷಕ, ನಾಲ್ಕು ತರಗತಿ, ಒಂದು ಕೋಣೆ. ಬಹುವರ್ಗ ಬೋಧನೆ ಎಂದು ನಾವು ಘಟಕ ಮಾಡಿ ಓದುವ ವಿಷಯ ಅವರ ದಿನನಿತ್ಯದ ಪಾಡು. ಸಾತಾರಾ ಜಿಲ್ಲೆಯ ಮೂಲೆಮೂಲೆಗಳಲ್ಲಿ ಇಂಥ ಐನೂರಕ್ಕೂ ಹೆಚ್ಚು ಶಾಲೆಗಳು ನಡೆದವು.

1940ರಲ್ಲಿ ಸಾತಾರೆಯಲ್ಲಿ ಮಹಾರಾಜಾ ಸಯಾಜಿರಾವ ಹೈಸ್ಕೂಲು ತೆರೆಯಿತು. ಫೀಜು ಕೊಡಲಾಗದ ಹುಡುಗ ದಿನಕ್ಕೆ ಕೆಲವು ಗಂಟೆ ದುಡಿದು ತನ್ನ ಕಲಿಕೆಯ ಖರ್ಚನ್ನು ತೀರಿಸಬಹುದೆಂಬುದು ಅಲ್ಲಿಯ ನಿಯಮ. ಗಳಿಸುತ್ತ ಕಲಿ ಎಂಬ ಹೆಸರಿನಿಂದ ಇದು ಪ್ರಸಿದ್ಧವಾಯಿತು. ಹುಡುಗರು ಕಲ್ಲು ಒಡೆದು ಬರಡು ನೆಲವನ್ನು ಹೊಲ ಮಾಡಿದರು, ತರಕಾರಿ ಬೆಳೆದರು, ತಮ್ಮ ಶಾಲೆಯ ಗೋಡೆಗಳನ್ನೇ ಕಟ್ಟಿದರು. ಸ್ವಾವಲಂಬನೆಯೇ ಸಂಸ್ಥೆಯ ಧ್ಯೇಯ, ಆಲದ ಮರ ಅದರ ಲಾಂಛನ. ಇಂದಿನ ಕಣ್ಣಿನಿಂದ ನೋಡಿದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಣವಿದ್ದವರ ಮಕ್ಕಳು ಬರೀ ಓದಿ, ಹಣವಿಲ್ಲದವರ ಮಕ್ಕಳು ಕಲ್ಲು ಹೊತ್ತು ಓದುವುದು ನ್ಯಾಯವೇ? ಶಿಕ್ಷಣ ಹಕ್ಕಿನ ಕಾಯಿದೆ ಬಂದ ಮೇಲೆ 14 ವರ್ಷದವರೆಗಿನ ಮಗು ತನ್ನ ಕಲಿಕೆಗೆ ಬೆಲೆ ತೆರಬೇಕಾಗಿಲ್ಲ, ತೆರಬಾರದು. ಭಾವುರಾವರ ಪದ್ಧತಿಯನ್ನು ಹಾಗೆಯೇ ಎತ್ತಿ ತಂದು ನಮ್ಮ ಶಾಲೆಗಳಲ್ಲಿ ಇಡಬೇಕೆನ್ನುವವರ ಮಾತನ್ನು ನಾನು ಒಪ್ಪಲಾರೆ. ಆದರೆ ಆ ಕಾಲದಲ್ಲಿ ಹುಡುಗನ ಮುಂದಿದ್ದ ಇನ್ನೊಂದು ದಾರಿ ಉಚಿತ ಶಾಲೆಯಾಗಿರಲಿಲ್ಲ, ಸಾಹುಕಾರನ ಮನೆಯ ಜೀತವಾಗಿತ್ತು. ಧರ್ಮದ ಅನ್ನ ಉಂಡೆನೆಂದು ಹುಡುಗ ತಲೆ ತಗ್ಗಿಸಬಾರದು ಎಂಬ ಕಾಳಜಿಯೂ ಅದರಲ್ಲಿತ್ತು. ಸ್ವತಃ ಭಾವುರಾವರೇ ಗುದ್ದಲಿ ಹಿಡಿದು ಹುಡುಗರ ಜೊತೆ ನಿಲ್ಲುತ್ತಿದ್ದರು.

ಸ್ವಾತಂತ್ರ್ಯ ಬಂದ 1947ರಲ್ಲಿಯೇ ಸಾತಾರೆಯಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾಯಿತು. ಅಲ್ಲಿಯೂ ಅದೇ ಪದ್ಧತಿ. ಅವರ ಬೋರ್ಡಿಂಗಿನಲ್ಲಿ ಬೆಳೆದು, ವಿಲಾಯಿತಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದ ಪಿ. ಜಿ. ಪಾಟೀಲರು ವಕೀಲಿಯ ಸಂಪಾದನೆ ಬಿಟ್ಟು ಈ ಸಂಸ್ಥೆಯ ಪ್ರಾಧ್ಯಾಪಕರಾದರು, ಪ್ರಾಂಶುಪಾಲರಾದರು. ಇದೊಂದು ಹೆಮ್ಮೆಯ ಮಾತಾದರೆ ಅದರ ಬೆನ್ನಿಗೇ ಪೆಟ್ಟೊಂದು ಬಂತು. ಗಾಂಧೀಜಿಯವರ ಹತ್ಯೆಯ ನಂತರದ ದಿನಗಳಲ್ಲಿ ಭಾವುರಾವರು ಮುಂಬಯಿ ಸರಕಾರವನ್ನು ಬಹಿರಂಗವಾಗಿ ಟೀಕಿಸಿದರು. ಬಾಳಾಸಾಹೇಬ ಖೇರರ ಸರಕಾರ ಸಂಸ್ಥೆಯ ಅನುದಾನವನ್ನು ನಿಲ್ಲಿಸಿತು. ನೂರಾರು ಶಿಕ್ಷಕರ ಸಂಬಳ, ವಸತಿಗೃಹಗಳ ಧಾನ್ಯ, ಎಲ್ಲವೂ ಒಮ್ಮೆಗೇ ತೂಗುಯ್ಯಾಲೆಗೆ ಬಿದ್ದವು. ಅರವತ್ತು ದಾಟಿದ ಭಾವುರಾವರು ಮತ್ತೆ ಕೋಲು ಹಿಡಿದು ಊರೂರು ತಿರುಗಿದರು. ಶಿಕ್ಷಕರು ಸಂಬಳವಿಲ್ಲದೆ ಪಾಠ ಮಾಡಿದರು. ಹಳ್ಳಿಯವರು ದುಡ್ಡು, ಧಾನ್ಯ ಕೊಟ್ಟರು. ಸಂತ ಗಾಡಗೆ ಬಾಬಾ ಬೆಂಬಲಕ್ಕೆ ನಿಂತರು. ಒಂದು ಶಾಲೆಯೂ ಮುಚ್ಚದಂತೆ ನೋಡಿಕೊಳ್ಳಬೇಕೆಂಬುದೇ ಆಗಿನ ಹಟ. ಮುಂದೆ ಅನುದಾನ ಮತ್ತೆ ದೊರೆಯಿತು. ಮಾತಿನಲ್ಲಿ ಸ್ವಲ್ಪ ತಡೆದುಕೊಂಡಿದ್ದರೆ ಮಕ್ಕಳಿಗೆ ಈ ಕಷ್ಟ ಬರುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಸ್ನಾನ ಮಾಡಿ ಊಟಕ್ಕೆ ಬಾ ಎಂದಾಗ ಒಪ್ಪದ ಹುಡುಗನೇ ಇವರು ಎಂಬುದಷ್ಟೇ ಅದಕ್ಕೆ ನನಗೆ ತೋಚುವ ಉತ್ತರ.

1954ರಲ್ಲಿ ಕರಾಡದಲ್ಲಿ ತೆರೆದ ಕಾಲೇಜಿಗೆ ಗಾಡಗೆ ಮಹಾರಾಜರ ಹೆಸರನ್ನಿಟ್ಟರು. ಅಕ್ಷರ ಬಾರದ, ಕಸಬರಿಗೆ ಹಿಡಿದು ಊರು ಗುಡಿಸಿದ ಸಂತನ ಹೆಸರು ಒಂದು ಕಾಲೇಜಿಗೆ! 1955ರಲ್ಲಿ ಸಾತಾರೆಯಲ್ಲಿ ಆಜಾದ್ ಕಾಲೇಜ್ ಆಫ್ ಎಜುಕೇಶನ್ ಆರಂಭವಾಯಿತು. ಅದು ನಮ್ಮದರಂತೆಯೇ ಪ್ರೌಢಶಾಲಾ ಶಿಕ್ಷಕರ ತರಬೇತಿ ಕಾಲೇಜು. ಅವರ ಕೊನೆಯ ದಿನಗಳ ಹೊತ್ತಿಗೆ ಸಂಸ್ಥೆಯ ಕೈಯಲ್ಲಿ ನೂರಕ್ಕೂ ಹೆಚ್ಚು ಪ್ರೌಢಶಾಲೆಗಳು, 38 ವಸತಿಗೃಹಗಳು, ಆರು ತರಬೇತಿ ಸಂಸ್ಥೆಗಳು ಇದ್ದವು. ಈಗ ಶಾಖೆಗಳು ಏಳುನೂರರ ಆಸುಪಾಸಿನಲ್ಲಿವೆ, ಗಡಿ ದಾಟಿ ಕರ್ನಾಟಕಕ್ಕೂ ಒಂದು ಬಿಳಲು ಇಳಿದಿದೆ.

1959ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಭೂಷಣ ನೀಡಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಪುಣೆ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ಪದವಿ ಕೊಟ್ಟಿತು. ಮೆಟ್ರಿಕ್ ಮುಗಿಸದ ಪಾಟೀಲ ಮಾಸ್ತರರಿಗೆ ಬಂದ ಮೊದಲ ಮತ್ತು ಕೊನೆಯ ಪದವಿ ಅದು. ಒಂದು ತಿಂಗಳ ನಂತರ, ಮೇ 9ರಂದು ಅವರು ತೀರಿಕೊಂಡರು. ಬೇಸಿಗೆ ರಜೆಯಾದರೂ ಮನೆಗೆ ಹೋಗಲು ಮನೆಯಿಲ್ಲದ ಹುಡುಗರು ಇಂಥ ವಸತಿಗೃಹಗಳಲ್ಲಿ ಯಾವಾಗಲೂ ಇದ್ದೇ ಇರುತ್ತಾರೆ. ಅವರಿಗಾಗಿ ಅಂದು ಸಂಜೆಯೂ ಯಾರೋ ಸರದಿಯವರು ಒಲೆ ಹಚ್ಚಿರಬೇಕು.